ಗರ್ಭಿಣಿಯರ ಪ್ರಿಎಕ್ಲಾಂಪ್ಸಿಯಾ: ರಕ್ತಪರೀಕ್ಷೆ ಬಂದಿದೆ, ಆದರೆ ಬಿಪಿ ನೋಡುವವರು ಯಾರು?

ಏಳನೇ ತಿಂಗಳ ಗರ್ಭಿಣಿ. ಬಿಪಿ 140/90 ದಾಟಿದೆ, ಕಾಲು ಊದಿದೆ, ಆಗಾಗ ತಲೆನೋವು. 'ಬಸುರಿಗೆ ಕಾಲು ಊದುವುದು ಇದ್ದದ್ದೇ' ಎಂದು ಮನೆಯ ಹಿರಿಯರು ಸಮಾಧಾನ ಹೇಳುತ್ತಾರೆ. ವೈದ್ಯರಿಗೆ ಅಷ್ಟು ಸಮಾಧಾನವಿಲ್ಲ. ಮನೆಗೆ ಕಳುಹಿಸಬಹುದೇ, ದಾಖಲಿಸಿಕೊಳ್ಳಬೇಕೇ ಅಥವಾ ಈಗಲೇ ದೊಡ್ಡಾಸ್ಪತ್ರೆಗೆ ಕಳುಹಿಸಬೇಕೇ? ಈ ನಿರ್ಧಾರಕ್ಕೆ ನೆರವಾಗುವ ರಕ್ತಪರೀಕ್ಷೆಗಳು ಈಗ ಬಳಕೆಗೆ ಬಂದಿವೆ. ಅವು ಏನು ಮಾಡಬಲ್ಲವು, ಏನು ಮಾಡಲಾರವು ಎಂಬುದನ್ನು ತಿಳಿದುಕೊಳ್ಳುವುದು ಮುಖ್ಯ.

ಏನಿದು ಪ್ರಿಎಕ್ಲಾಂಪ್ಸಿಯಾ?

ಸಾಮಾನ್ಯವಾಗಿ ಗರ್ಭಧಾರಣೆಯ 20 ವಾರಗಳ ನಂತರ ರಕ್ತದೊತ್ತಡ ಏರಿ, ಮೂತ್ರದಲ್ಲಿ ಪ್ರೋಟೀನ್ ಕಾಣಿಸಿಕೊಳ್ಳುವ ಅಥವಾ ಕಿಡ್ನಿ, ಲಿವರ್‌ನಂಥ ಅಂಗಗಳಿಗೆ ತೊಂದರೆಯಾಗುವ ಸ್ಥಿತಿ ಇದು. ಕೈಮೀರಿದರೆ ಫಿಟ್ಸ್ ಬರುತ್ತದೆ, ಜೀವಕ್ಕೇ ಅಪಾಯವಾಗಬಹುದು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಪ್ರತಿ ವರ್ಷ ಸುಮಾರು 46 ಸಾವಿರ ತಾಯಂದಿರು ಹಾಗೂ ಸುಮಾರು 5 ಲಕ್ಷ ಗರ್ಭಸ್ಥ ಮತ್ತು ನವಜಾತ ಶಿಶುಗಳು ಇದಕ್ಕೆ ಬಲಿಯಾಗುತ್ತಿದ್ದಾರೆ. ಇದನ್ನು ಗುಣಪಡಿಸುವ ಔಷಧ ಇನ್ನೂ ಇಲ್ಲ. ಹೆರಿಗೆಯೇ ಪರಿಹಾರ. ಹೀಗಾಗಿ ಯಾವಾಗ ಹೆರಿಗೆ ಮಾಡಿಸಬೇಕು ಎಂಬುದೇ ವೈದ್ಯರ ಮುಂದಿರುವ ಕಠಿಣ ಪ್ರಶ್ನೆ.

ರಕ್ತದಲ್ಲಿ ಸಿಗುವ ಸುಳಿವು

ತೊಂದರೆಯ ಮೂಲ ಮಾಸು, ಅಂದರೆ ಪ್ಲಾಸೆಂಟಾ. ಅದು ಸಂಕಷ್ಟದಲ್ಲಿದ್ದಾಗ ಎಸ್-ಫ್ಲಿಟ್-1 ಎಂಬ ಪ್ರೋಟೀನ್ ತಾಯಿಯ ರಕ್ತದಲ್ಲಿ ಹೆಚ್ಚಾಗುತ್ತದೆ. ರಕ್ತನಾಳಗಳ ಬೆಳವಣಿಗೆಗೆ ಬೇಕಾದ ಪಿಎಲ್‌ಜಿಎಫ್ ಕಡಿಮೆಯಾಗುತ್ತದೆ. ಭಾರತ ಮೂಲದ ವಿಜ್ಞಾನಿ ಅನಂತ್ ಕರುಮಂಚಿ ಅವರ ತಂಡ 2003ರಲ್ಲಿ ಅಮೆರಿಕದಲ್ಲಿ ಎಸ್-ಫ್ಲಿಟ್-1ರ ಪಾತ್ರವನ್ನು ತೋರಿಸಿಕೊಟ್ಟಿತು.

ಇವೆರಡರ ಅನುಪಾತವನ್ನು ಅಳೆಯುವುದೇ ಈಗಿನ ಪರೀಕ್ಷೆ. 2016ರಲ್ಲಿ ಪ್ರಕಟವಾದ 'ಪ್ರೊಗ್ನೋಸಿಸ್' ಅಧ್ಯಯನದಲ್ಲಿ, ಅನುಪಾತ 38 ಅಥವಾ ಅದಕ್ಕಿಂತ ಕಡಿಮೆ ಇದ್ದವರ ಪೈಕಿ ಶೇ 99.3ರಷ್ಟು ಮಂದಿಗೆ ಮುಂದಿನ ಒಂದು ವಾರ ಪ್ರಿಎಕ್ಲಾಂಪ್ಸಿಯಾ ಬರಲಿಲ್ಲ. ಆದರೆ 38 ದಾಟಿದವರಲ್ಲಿ ನಾಲ್ಕು ವಾರದೊಳಗೆ ಅದು ಕಾಣಿಸಿಕೊಂಡಿದ್ದು ಶೇ 36.7ರಷ್ಟು ಮಂದಿಗೆ ಮಾತ್ರ. ಅಂದರೆ 'ಬಂದೇ ಬರುತ್ತದೆ' ಎನ್ನುವುದಕ್ಕಿಂತ 'ಸದ್ಯಕ್ಕೆ ಭಯವಿಲ್ಲ' ಎನ್ನುವುದರಲ್ಲೇ ಈ ಪರೀಕ್ಷೆ ಹೆಚ್ಚು ನಂಬಿಕಸ್ಥ.

ಅದೇನೂ ಸಣ್ಣ ಲಾಭವಲ್ಲ. ಬ್ರಿಟನ್‌ನ 11 ಆಸ್ಪತ್ರೆಗಳಲ್ಲಿ ನಡೆದು 2019ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಪಿಎಲ್‌ಜಿಎಫ್ ಫಲಿತಾಂಶ ವೈದ್ಯರ ಕೈಗೆ ಸಿಕ್ಕಾಗ ರೋಗ ಪತ್ತೆಗೆ ಬೇಕಾದ ಸಮಯ 4.1 ದಿನದಿಂದ 1.9 ದಿನಕ್ಕೆ ಇಳಿಯಿತು. ತಾಯಂದಿರ ಗಂಭೀರ ತೊಡಕುಗಳೂ ತಗ್ಗಿದವು. ಶಿಶುಗಳ ಆರೋಗ್ಯದಲ್ಲಿ ಮಾತ್ರ ವ್ಯತ್ಯಾಸ ಕಾಣಲಿಲ್ಲ. ಬ್ರಿಟನ್‌ನಲ್ಲಿ ಇಂಥ ಪರೀಕ್ಷೆಗಳಿಗೆ ಅಧಿಕೃತ ಶಿಫಾರಸು ಇದೆ. ಅಮೆರಿಕದ ಎಫ್‌ಡಿಎ 2023ರಲ್ಲಿ ಅನುಮತಿ ನೀಡಿತು.

ಮೊದಲ ಮೂರು ತಿಂಗಳಲ್ಲೇ ಪತ್ತೆ ಸಾಧ್ಯವೇ?

ರೋಗವನ್ನಲ್ಲ, ಅಪಾಯವನ್ನು ಗುರುತಿಸಬಹುದು. 11ರಿಂದ 13ನೇ ವಾರದಲ್ಲಿ ತಾಯಿಯ ಆರೋಗ್ಯದ ಹಿನ್ನೆಲೆ, ಬಿಪಿ, ಡಾಪ್ಲರ್ ಸ್ಕ್ಯಾನ್ ಮತ್ತು ಪಿಎಲ್‌ಜಿಎಫ್‌ನಂಥ ರಕ್ತದ ಅಂಶಗಳನ್ನು ಒಟ್ಟಿಗೆ ಲೆಕ್ಕ ಹಾಕಲಾಗುತ್ತದೆ. 2017ರ 'ಆಸ್ಪ್ರೆ' ಪ್ರಯೋಗದಲ್ಲಿ ಹೀಗೆ ಗುರುತಿಸಿದ ಮಹಿಳೆಯರಿಗೆ ದಿನಕ್ಕೆ 150 ಮಿ.ಗ್ರಾಂ ಆಸ್ಪಿರಿನ್ ಕೊಟ್ಟಾಗ, 37 ವಾರ ತುಂಬುವ ಮೊದಲೇ ಹೆರಿಗೆ ಮಾಡಿಸಬೇಕಾಗುವಂಥ ಪ್ರಿಎಕ್ಲಾಂಪ್ಸಿಯಾ ಶೇ 4.3ರಿಂದ 1.6ಕ್ಕೆ ಇಳಿಯಿತು. ಆದರೆ ವೈದ್ಯರ ಸಲಹೆ ಇಲ್ಲದೆ ಗರ್ಭಿಣಿಯರು ಆಸ್ಪಿರಿನ್ ನುಂಗುವಂತಿಲ್ಲ.

ಭಾರತದ ಪ್ರಶ್ನೆಯೇ ಬೇರೆ

ಅನುಪಾತ ಪರೀಕ್ಷೆ ಮಾಡಿಸಲು ಮೊದಲು ವೈದ್ಯರಿಗೆ ಅನುಮಾನ ಬರಬೇಕು. ಅನುಮಾನ ಬರಲು ಯಾರಾದರೂ ಬಿಪಿ ನೋಡಿರಬೇಕು. ಬೆಳಗಾವಿ ಮತ್ತು ಬಾಗಲಕೋಟೆ ಜಿಲ್ಲೆಗಳಲ್ಲಿ ನಡೆದ 'ಕ್ಲಿಪ್' ಪ್ರಯೋಗ ಇದನ್ನೇ ಹೇಳುತ್ತದೆ. ಅಲ್ಲಿ ಆರೋಗ್ಯ ಕಾರ್ಯಕರ್ತೆಯರು ಮನೆಗೆ ಹೋಗಿ, ಮೊಬೈಲ್ ಆ್ಯಪ್ ನೆರವಿನಿಂದ ಗರ್ಭಿಣಿಯರ ಬಿಪಿ ಪರೀಕ್ಷಿಸಿದರು. ಭಾರತ, ಪಾಕಿಸ್ತಾನ, ಮೊಜಾಂಬಿಕ್‌ನ ಫಲಿತಾಂಶಗಳನ್ನು ಒಟ್ಟುಗೂಡಿಸಿದಾಗ ಒಟ್ಟಾರೆ ಸಾವು, ತೊಡಕುಗಳು ಕಡಿಮೆಯಾಗಿರಲಿಲ್ಲ. ಎಂಟು ಅಥವಾ ಹೆಚ್ಚು ಭೇಟಿ ಪಡೆದ ಮಹಿಳೆಯರಲ್ಲಿ ಮಾತ್ರ ಲಾಭದ ಸೂಚನೆ ಕಂಡಿತು.

ದುಬಾರಿ ಯಂತ್ರವಿರುವ ಲ್ಯಾಬ್ ನಗರದಲ್ಲಿದ್ದು, ಹಳ್ಳಿಯ ಗರ್ಭಿಣಿಯ ಬಿಪಿಯನ್ನೇ ನೋಡದಿದ್ದರೆ ಪರೀಕ್ಷೆಯಿಂದ ಅವಳಿಗೆ ಪ್ರಯೋಜನವಿಲ್ಲ. ಪ್ರತಿ ತಿಂಗಳ 9ರಂದು ಉಚಿತ ತಪಾಸಣೆ ನಡೆಸುವ ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದಂಥ ವ್ಯವಸ್ಥೆ ಗಟ್ಟಿಯಾದರೆ, ಹೊಸ ಪರೀಕ್ಷೆಗೆ ಜಿಲ್ಲಾ ಆಸ್ಪತ್ರೆಗಳಲ್ಲಿ ನಿಜವಾದ ಕೆಲಸ ಸಿಗುತ್ತದೆ. ಯಾರನ್ನು ಉಳಿಸಿಕೊಳ್ಳಬೇಕು, ಯಾರನ್ನು ನಿಶ್ಚಿಂತೆಯಿಂದ ಮನೆಗೆ ಕಳುಹಿಸಬಹುದು ಎಂದು ಅದು ಹೇಳಬಲ್ಲದು.

ತವರಿಗೆ ಹೊರಟವರು ಗಮನಿಸಿ

ಮುಂಬೈ, ಪುಣೆ, ಹೈದರಾಬಾದ್‌ನಿಂದ ಹೆರಿಗೆಗಾಗಿ ತವರಿಗೆ ಹೋಗುವ ಕನ್ನಡತಿಯರು ಆಸ್ಪತ್ರೆ ಬದಲಿಸುವುದು ಏಳು, ಎಂಟನೇ ತಿಂಗಳಲ್ಲಿ. ಪ್ರಿಎಕ್ಲಾಂಪ್ಸಿಯಾ ಕಾಣಿಸಿಕೊಳ್ಳುವ ಕಾಲವೂ ಅದೇ. ಆವರೆಗಿನ ಬಿಪಿ ದಾಖಲೆ, ಮೂತ್ರ ಮತ್ತು ರಕ್ತಪರೀಕ್ಷೆಯ ವರದಿ ಜೊತೆಗಿರಲಿ. ಬೇರೆ ಬೇರೆ ಕಂಪನಿಗಳ ಕಿಟ್‌ಗಳ ಅಂಕಿಗಳನ್ನು ಒಂದಕ್ಕೊಂದು ಹೋಲಿಸುವಂತಿಲ್ಲ. ಹೀಗಾಗಿ ಮೂಲ ವರದಿಯೇ ಬೇಕು. ತೀವ್ರ ತಲೆನೋವು, ಕಣ್ಣು ಮಂಜಾಗುವುದು, ಪಕ್ಕೆಲುಬಿನ ಕೆಳಗೆ ನೋವು, ಮುಖ ಮತ್ತು ಕೈ ದಿಢೀರ್ ಊದಿಕೊಳ್ಳುವುದು ಕಂಡರೆ ಯಾವ ವರದಿಗೂ ಕಾಯದೆ ಆಸ್ಪತ್ರೆಗೆ ಹೋಗಬೇಕು. ಹೆರಿಗೆಯ ನಂತರದ ವಾರಗಳಲ್ಲೂ ಈ ಎಚ್ಚರ ಬೇಕು.