16 ಎಕ್ಸ್ ಎಲ್ಲಿ ಹೋಯಿತು?

ಡಿವಿಡಿ ಡ್ರೈವಿನ ಪೆಟ್ಟಿಗೆಯ ಮೇಲೆ '16 ಎಕ್ಸ್' ಎಂದು ದಪ್ಪ ಅಕ್ಷರಗಳಲ್ಲಿ ಅಚ್ಚಾಗಿರುತ್ತದೆ. ಅದರ ಪಕ್ಕದಲ್ಲೇ, ಭೂತಗನ್ನಡಿ ಹಿಡಿದರೆ ಕಾಣುವಷ್ಟು ಸಣ್ಣದಾಗಿ 'ಮ್ಯಾಕ್ಸ್' ಎಂದೂ ಇರುತ್ತದೆ. ಗುಟ್ಟೆಲ್ಲ ಇರುವುದು ಈ ಸಣ್ಣ ಪದದಲ್ಲಿ.

ಈಗ ಯಾರು ಸ್ವಾಮಿ ಡಿವಿಡಿ ನೋಡುತ್ತಾರೆ ಎನ್ನಬೇಡಿ. ನಿಮ್ಮ ಮನೆಯ ಬೀರು ತೆರೆದು ನೋಡಿ. 2005ರ ಆಸುಪಾಸಿನಲ್ಲಿ ಮದುವೆಯಾದವರ ಮನೆಗಳಲ್ಲಿ ಸ್ಟುಡಿಯೋದವರು ಕೊಟ್ಟ ಮದುವೆಯ ಡಿವಿಡಿ ಇದ್ದೇ ಇರುತ್ತದೆ. ಜೊತೆಗೆ ನಾಮಕರಣ, ಶಾಲೆಯ ವಾರ್ಷಿಕೋತ್ಸವ, ಈಗ ಇಲ್ಲದ ಅಜ್ಜನ ನಗು. ಇವು ಕಾರ್ಖಾನೆಯಲ್ಲಿ ಅಚ್ಚೊತ್ತಿದ ತಟ್ಟೆಗಳಲ್ಲ. ಒಂದು ಬಗೆಯ ಬಣ್ಣದ ಪದರದ ಮೇಲೆ ಲೇಸರ್ ಕಿರಣದಿಂದ ಬರೆದವು. ಬಿಸಿಲು, ಸೆಕೆ, ತೇವಗಳಿಗೆ ಆ ಬಣ್ಣ ಕೆಡುತ್ತದೆ. ಹಾಗಾಗಿ ಅದರಲ್ಲಿರುವುದನ್ನು ಗಣಕಕ್ಕೆ ಇಳಿಸಿಕೊಳ್ಳುವ ಕೆಲಸ, ಅಂದರೆ 'ರಿಪ್' ಮಾಡುವುದು, ಮುಂದೂಡುವಂಥದಲ್ಲ. (ಸಿನಿಮಾ ಡಿವಿಡಿಗಳ ಮಾತು ಬೇರೆ. ಅವುಗಳಿಗೆ ಸಾಮಾನ್ಯವಾಗಿ ಬೀಗವಿರುತ್ತದೆ. ಹಕ್ಕುಸ್ವಾಮ್ಯ ಉಲ್ಲಂಘಿಸುವ ಉದ್ದೇಶದಿಂದ ಅಂಥ ಬೀಗ ಮುರಿಯುವುದು ಅಪರಾಧವೆಂದು ನಮ್ಮ ಕಾಯಿದೆಗೆ 2012ರಲ್ಲಿ ಆದ ತಿದ್ದುಪಡಿ ಹೇಳುತ್ತದೆ.)

ಸರಿ, ಈ ಎಕ್ಸ್ ಎಂದರೇನು? ಸಿಡಿಯ ಲೆಕ್ಕದಲ್ಲಿ 1 ಎಕ್ಸ್ ಎಂದರೆ ಸೆಕೆಂಡಿಗೆ ಸುಮಾರು 150 ಕಿಲೋಬೈಟ್. ಡಿವಿಡಿಯ ಲೆಕ್ಕದಲ್ಲಿ 1,385 ಕಿಲೋಬೈಟ್, ಹೆಚ್ಚುಕಡಿಮೆ ಒಂಬತ್ತು ಪಟ್ಟು. ಆದ್ದರಿಂದ ಹಳೆಯ 52 ಎಕ್ಸ್ ಸಿಡಿ ಡ್ರೈವ್ ಡಿವಿಡಿಯ 6 ಎಕ್ಸ್‌ಗೂ ಸಮವಲ್ಲ. ಎಕ್ಸ್ ಮುಂದಿನ ಅಂಕಿಗಳನ್ನಷ್ಟೇ ಹೋಲಿಸಿ ನೋಡುವುದು ಸೇರಿಗೂ ಲೀಟರಿಗೂ ಹೋಲಿಕೆ ಮಾಡಿದಂತೆ.

ಈಗ ವಿದ್ಯಾರ್ಥಿಗಳು ಪೆನ್ಸಿಲ್ ಹಿಡಿಯಲಿ. 16 ಎಕ್ಸ್ ಎಂದರೆ ಸೆಕೆಂಡಿಗೆ 22 ಮೆಗಾಬೈಟ್‌ಗಿಂತ ತುಸು ಹೆಚ್ಚು. ಒಂದು ಪದರದ ಡಿವಿಡಿಯಲ್ಲಿ ಹಿಡಿಸುವುದು 4,700 ಮೆಗಾಬೈಟ್. ಭಾಗಿಸಿದರೆ ಸುಮಾರು 212 ಸೆಕೆಂಡ್, ಅಂದರೆ ಮೂರೂವರೆ ನಿಮಿಷ. ಆದರೆ ಹೊಚ್ಚಹೊಸ ತಟ್ಟೆಯನ್ನು ಹಾಕಿದರೂ ಗಡಿಯಾರ ಐದು ನಿಮಿಷ ತೋರಿಸುತ್ತದೆ.

ಕಾರಣ ತಟ್ಟೆಯ ಆಕಾರದಲ್ಲಿಯೇ ಇದೆ. ಗ್ರಾಮಫೋನ್ ಪ್ಲೇಟಿನ ಮುಳ್ಳು ಹೊರಗಿನಿಂದ ಒಳಕ್ಕೆ ಸಾಗುತ್ತಿತ್ತು. ಡಿವಿಡಿಯಲ್ಲಿ ಇದು ತಿರುಗುಮುರುಗು: ಮಾಹಿತಿಯ ಸುರುಳಿ ನಡುವಿನ ತೂತಿನ ಬಳಿ ಶುರುವಾಗಿ ಅಂಚಿಗೆ ಹೋಗುತ್ತದೆ. ಬೀಸುಕಲ್ಲಿನ ಗೂಟದ ಬಳಿ ಒಂದು ಇರುವೆ, ಅಂಚಿನಲ್ಲಿ ಇನ್ನೊಂದು ಕುಳಿತಿವೆ ಎನ್ನಿ. ಕಲ್ಲು ಒಂದು ಸುತ್ತು ಬಂದಾಗ ಅಂಚಿನ ಇರುವೆ ಹೆಚ್ಚು ದೂರ ಸಾಗಿರುತ್ತದೆ, ಅಲ್ಲವೇ? ಡಿವಿಡಿಯ ಮಾಹಿತಿ ಕೇಂದ್ರದಿಂದ 24 ಮಿಲಿಮೀಟರ್ ದೂರದಲ್ಲಿ ಆರಂಭವಾಗಿ 58 ಮಿಲಿಮೀಟರ್‌ವರೆಗೆ ಇರುತ್ತದೆ. ತಟ್ಟೆ ಒಂದೇ ವೇಗದಲ್ಲಿ ಸುತ್ತುತ್ತಿದ್ದರೆ ಅಂಚಿನಲ್ಲಿ ಓದುವ ವೇಗ ಆರಂಭದ ಸುಮಾರು 2.4 ಪಟ್ಟು. ಅಂಚಿನಲ್ಲಿ 16 ಎಕ್ಸ್ ಇದ್ದರೆ ಒಳಗೆ 6.6 ಮಾತ್ರ. ಸರಾಸರಿ ತೆಗೆದರೆ ಸುಮಾರು 11. ಐದು ನಿಮಿಷದ ಲೆಕ್ಕ ಸರಿಹೋಯಿತು.

ಒಳಗೂ 16 ಎಕ್ಸ್ ಬರುವಂತೆ ಸುತ್ತಿಸಬಾರದೇಕೆ? ಅದಕ್ಕೆ ನಿಮಿಷಕ್ಕೆ 22 ಸಾವಿರ ಸುತ್ತು ಬೇಕು. ಪ್ಲಾಸ್ಟಿಕ್ ತಟ್ಟೆ ತಡೆಯುವುದಿಲ್ಲ. ಸಿಡಿಗಳನ್ನು 52 ಎಕ್ಸ್‌ನಲ್ಲಿ, ನಿಮಿಷಕ್ಕೆ ಹತ್ತು ಸಾವಿರಕ್ಕೂ ಹೆಚ್ಚು ಸುತ್ತು ತಿರುಗಿಸುತ್ತಿದ್ದ ಕಾಲದಲ್ಲೇ ಬಿರುಕುಬಿಟ್ಟ ತಟ್ಟೆಗಳು ಡ್ರೈವಿನೊಳಗೆ ಚೂರುಚೂರಾದದ್ದುಂಟು.

ಇನ್ನೊಂದು ತಮಾಷೆ ನೋಡಿ. ನಿಮ್ಮ ತಟ್ಟೆ ಅರ್ಧ ಮಾತ್ರ ತುಂಬಿದ್ದರೆ ಲೇಸರ್ ಅಂಚಿಗೆ ಹೋಗುವುದೇ ಇಲ್ಲ. 12 ಎಕ್ಸ್ ಮುಟ್ಟುವಷ್ಟರಲ್ಲಿ ಕೆಲಸ ಮುಗಿದಿರುತ್ತದೆ. ಪೆಟ್ಟಿಗೆಯ ಮೇಲಿನ ಅಂಕಿ ಆ ತಟ್ಟೆಯ ಪಾಲಿಗೆ ಸುಳ್ಳೇ ಸರಿ.

ಇಷ್ಟು ಗಣಿತ. ಉಳಿದದ್ದು ಲೋಕದ ವ್ಯವಹಾರ. ಡಿವಿಡಿ ಸಿನಿಮಾ ನೋಡುವುದಕ್ಕೆ 1 ಎಕ್ಸ್ ಸಾಕು. ಸಿನಿಮಾದ ನಡುವೆ ಡ್ರೈವ್ ಹಿಟ್ಟಿನ ಗಿರಣಿಯಂತೆ ಸದ್ದು ಮಾಡಬಾರದೆಂದು ಕೆಲವು ಡ್ರೈವ್‌ಗಳಲ್ಲಿ ವಿಡಿಯೋ ತಟ್ಟೆಗಳಿಗೆ ಬೇಕೆಂದೇ ವೇಗದ ಮಿತಿ ಹಾಕಿರುತ್ತಾರೆ. ಎರಡು ಪದರದ ತಟ್ಟೆಗಳಿಗೂ ಮಿತಿ ಕಡಿಮೆಯೇ. ಗೀರು ಬಿದ್ದ ಕಡೆಯಲ್ಲಂತೂ ಡ್ರೈವ್ ನಿಧಾನ ಮಾಡಿ, ಅದೇ ಜಾಗವನ್ನು ಮತ್ತೆ ಮತ್ತೆ ಓದುತ್ತದೆ. ಬೆರಳು ತಾಗುವುದು ಹೆಚ್ಚಾಗಿ ಹೊರ ಅಂಚಿಗೆ. ಜಾಹೀರಾತಿನ ವೇಗ ಸಿಗಬೇಕಾದದ್ದೂ ಅಲ್ಲಿಯೇ!

ಈಗಿನ ಲ್ಯಾಪ್‌ಟಾಪ್‌ಗಳಲ್ಲಿ ಸಾಮಾನ್ಯವಾಗಿ ಡ್ರೈವ್ ಇರುವುದಿಲ್ಲ. ಯುಎಸ್‌ಬಿಗೆ ಸಿಕ್ಕಿಸುವ ತೆಳು ಡ್ರೈವ್ ಕೊಳ್ಳಬೇಕಾಗುತ್ತದೆ. ಅವು ಹೆಚ್ಚಾಗಿ 8 ಎಕ್ಸ್. ತುಂಬಿದ ತಟ್ಟೆಗೆ ಹತ್ತು ನಿಮಿಷ ಎಂದಿಟ್ಟುಕೊಳ್ಳಿ. ಪೋಷಕರಿಗೆ ಒಂದು ಮಾತು: 'ಯುಎಸ್‌ಬಿ 3' ಎಂಬ ಚೀಟಿಗಾಗಿ ಹೆಚ್ಚು ಹಣ ಕೊಡಬೇಡಿ. 8 ಎಕ್ಸ್ ಎಂದರೆ ಸೆಕೆಂಡಿಗೆ 11 ಮೆಗಾಬೈಟ್, ಹಳೆಯ ಯುಎಸ್‌ಬಿ 2 ಅದನ್ನು ಸಲೀಸಾಗಿ ಸಾಗಿಸುತ್ತದೆ. ಹಳೆಯ ತಟ್ಟೆಗೆ ವೇಗ ಮುಖ್ಯವೂ ಅಲ್ಲ. ನಿಧಾನವಾಗಿ ಸುತ್ತಿದಾಗಲೇ ಹಲವು ತಟ್ಟೆಗಳು ಚೆನ್ನಾಗಿ ಓದಿಸಿಕೊಳ್ಳುತ್ತವೆ.

ಇನ್ನು ಕೆಲವರು ಅರ್ಧ ದಿನ ಆಯಿತು, ಡ್ರೈವ್ ಸರಿಯಿಲ್ಲ ಎಂದು ಅಂಗಡಿಯವನ ಬಳಿ ಜಗಳಕ್ಕೆ ಹೋಗುತ್ತಾರೆ. ನೋಡಿದರೆ ತಂತ್ರಾಂಶವು ಚಿತ್ರವನ್ನು ಎಂಪಿ4 ರೂಪಕ್ಕೆ ಪರಿವರ್ತಿಸುತ್ತಾ ಕುಳಿತಿರುತ್ತದೆ. ಆ ಕೆಲಸ ಗಣಕದ ಪ್ರೊಸೆಸರಿನದು, ಡ್ರೈವ್ ಸುಮ್ಮನೆ ಕಾಯುತ್ತಿರುತ್ತದೆ. ಮೊದಲು ತಟ್ಟೆಯಲ್ಲಿರುವ 'ವಿಡಿಯೋ ಟಿಎಸ್' ಎಂಬ ಫೋಲ್ಡರನ್ನು ಇದ್ದಹಾಗೆ ನಕಲು ಮಾಡಿಕೊಳ್ಳಿ. ಮದುವೆಯ ತಟ್ಟೆಗಳಿಗೆ ಬೀಗ ಇರುವುದಿಲ್ಲವಾದ್ದರಿಂದ ಬೇರೆ ತಂತ್ರಾಂಶ ಬೇಕಿಲ್ಲ. ಪರಿವರ್ತನೆ ಆಮೇಲೆ ನಿಧಾನವಾಗಿ ಆಗಲಿ.

ತಟ್ಟೆಯನ್ನು ಮೊದಲು ಮೆತ್ತನೆಯ ಬಟ್ಟೆಯಿಂದ, ನಡುವಿನಿಂದ ಅಂಚಿಗೆ ನೇರವಾಗಿ ಒರೆಸಿ. ಸುತ್ತ ಒರೆಸಿದರೆ ಬೀಳುವ ಗೀರು ಮಾಹಿತಿಯ ಸಾಲಿನುದ್ದಕ್ಕೂ ಹೋಗುತ್ತದೆ, ಅದನ್ನು ಸರಿಪಡಿಸಿಕೊಳ್ಳುವುದು ಡ್ರೈವಿಗೆ ಕಷ್ಟ. ಒಂದು ಡ್ರೈವ್ ಓದದ ತಟ್ಟೆಯನ್ನು ಇನ್ನೊಂದು ಓದುವುದುಂಟು, ಆದ್ದರಿಂದ ನೆರೆಮನೆಯ ಹಳೆಯ ಗಣಕದಲ್ಲೂ ಒಮ್ಮೆ ಹಾಕಿ ನೋಡಿ. ನಕಲಾದ ಮೇಲೆ ಎರಡು ಕಡೆ ಇಟ್ಟುಕೊಂಡು, ಎರಡರಲ್ಲೂ ಕೊನೆಯ ಹತ್ತು ನಿಮಿಷ ಓಡುತ್ತದೆಯೇ ಎಂದು ಪರೀಕ್ಷಿಸಿ. ತಟ್ಟೆ ತುಂಬಿದ್ದರೆ ಅಂಚಿನಲ್ಲಿರುವುದು ಆ ಭಾಗವೇ.