ಚಂದ್ರಿಯ ಹೆಸರಿನ ಹಿಂದೆ ಮರೆಯಾದ ಸ್ನೇಹಲತಾ ರೆಡ್ಡಿ

ಯು. ಆರ್. ಅನಂತಮೂರ್ತಿಯವರ 'ಸಂಸ್ಕಾರ' ಕಾದಂಬರಿಯನ್ನು ಬೋಧಿಸುವಾಗ, ಪಟ್ಟಾಭಿರಾಮ ರೆಡ್ಡಿಯವರು 1970ರಲ್ಲಿ ನಿರ್ದೇಶಿಸಿದ ಚಲನಚಿತ್ರದ ಕೆಲವು ಭಾಗಗಳನ್ನೂ ತರಗತಿಯಲ್ಲಿ ತೋರಿಸುವುದು ನನ್ನ ರೂಢಿ. ಪ್ರಾಣೇಶಾಚಾರ್ಯರ ಪಾತ್ರದಲ್ಲಿ ಗಿರೀಶ ಕಾರ್ನಾಡರನ್ನು, ನಾರಣಪ್ಪನ ಪಾತ್ರದಲ್ಲಿ ಲಂಕೇಶರನ್ನು ವಿದ್ಯಾರ್ಥಿಗಳು ಗುರುತಿಸುತ್ತಾರೆ. ಚಂದ್ರಿಯಾಗಿ ನಟಿಸಿದವರು ಯಾರೆಂದು ಕೇಳಿದರೆ ಒಬ್ಬಿಬ್ಬರು ಸ್ನೇಹಲತಾ ರೆಡ್ಡಿಯವರ ಹೆಸರನ್ನು ಹೇಳುತ್ತಾರೆ. ಅವರು ಹೇಗೆ ತೀರಿಕೊಂಡರು ಎಂಬ ಪ್ರಶ್ನೆಗೆ ಮಾತ್ರ ಈವರೆಗೆ ನನ್ನ ತರಗತಿಯಲ್ಲಿ ಉತ್ತರ ದೊರೆತಿಲ್ಲ. ತಪ್ಪು ಅವರದಲ್ಲ. ನಾವು ಕೊಡುವ ಟಿಪ್ಪಣಿಗಳಲ್ಲಿ 'ನಟಿ' ಎಂಬ ಒಂದು ಪದಕ್ಕೇ ಆ ಬದುಕು ಮುಗಿದುಹೋಗುತ್ತದೆ.

1976ರ ಏಪ್ರಿಲ್ 28ರಂದು ಸರ್ವೋಚ್ಚ ನ್ಯಾಯಾಲಯವು, ತುರ್ತುಪರಿಸ್ಥಿತಿ ಇರುವವರೆಗೆ ಬಂಧಿತನಾದ ಪ್ರಜೆ ತನ್ನ ಬಿಡುಗಡೆಗಾಗಿ ನ್ಯಾಯಾಲಯದ ಬಾಗಿಲು ತಟ್ಟುವಂತಿಲ್ಲವೆಂದು ತೀರ್ಪಿತ್ತಿತು. ಅದಾದ ನಾಲ್ಕನೆಯ ದಿನ, ಮೇ 2ರಂದು, ಸ್ನೇಹಲತಾ ಅವರ ಬಂಧನವಾಯಿತು. ಮದರಾಸಿನ ಇಂಗ್ಲಿಷ್ ರಂಗಭೂಮಿಯಲ್ಲಿ ಹೆಸರು ಮಾಡಿದ್ದ, ಸಮಾಜವಾದಿ ಚಳವಳಿಗೆ ಹತ್ತಿರವಾಗಿದ್ದ, ಜಾರ್ಜ್ ಫರ್ನಾಂಡಿಸ್ ಅವರ ಸ್ನೇಹಿತೆಯಾಗಿದ್ದ ಆಕೆಯನ್ನು ಬರೋಡಾ ಡೈನಮೈಟ್ ಪ್ರಕರಣದ ಸಂಬಂಧವಾಗಿ ಹಿಡಿಯಲಾಯಿತು. ಕೊನೆಗೆ ಸಲ್ಲಿಕೆಯಾದ ಆರೋಪಪಟ್ಟಿಯಲ್ಲಿ ಆಕೆಯ ಹೆಸರೇ ಇರಲಿಲ್ಲ. ಆದರೂ ವಿಚಾರಣೆಯಿಲ್ಲದೆ ಎಂಟು ತಿಂಗಳು ಬೆಂಗಳೂರಿನ ಕೇಂದ್ರ ಕಾರಾಗೃಹದಲ್ಲಿ ಇಡಲಾಯಿತು.

ಆಕೆಗೆ ತೀವ್ರವಾದ ಉಬ್ಬಸವಿತ್ತು. ಅದೇ ಕಾರಾಗೃಹದಲ್ಲಿ ಬಂಧಿಯಾಗಿದ್ದ ಮಧು ದಂಡವತೆಯವರು, ರಾತ್ರಿಯ ನಿಶ್ಶಬ್ದದಲ್ಲಿ ಆಕೆಯ ಕೂಗು ತಮ್ಮ ಕೋಣೆಯವರೆಗೆ ಕೇಳಿಬರುತ್ತಿದ್ದುದನ್ನು ಮುಂದೆ ದಾಖಲಿಸಿದರು. ಆದರೆ ಆಕೆಯನ್ನು ಬರಿಯ ಸಂಕಟದ ಚಿತ್ರವಾಗಿ ನೋಡುವುದು ಅನ್ಯಾಯವಾದೀತು. ಜೈಲಿನ ಇತರ ಹೆಣ್ಣುಮಕ್ಕಳನ್ನು ಹೊಡೆಯುವುದನ್ನು ಆಕೆ ಪ್ರತಿಭಟಿಸಿದರು. ಅವರ ಊಟ ಸುಧಾರಿಸಬೇಕೆಂದು ಪಟ್ಟುಹಿಡಿದರು. ನಾನು ಪೌರಧೈರ್ಯವೆಂದು ಕರೆಯುವುದು ಇದನ್ನೇ. ಬಂಧನವನ್ನು ಆಕೆ ಆರಿಸಿಕೊಂಡದ್ದಲ್ಲ. ಬಂಧನದೊಳಗೆ ಪರರ ಪರವಾಗಿ ಮಾತನಾಡುವುದನ್ನು ಆರಿಸಿಕೊಂಡರು. ಅಲ್ಲಿ ಬರೆದ ದಿನಚರಿ ಮರಣಾನಂತರ ಪುಸ್ತಕವಾಯಿತು. 1977ರ ಜನವರಿ 15ರಂದು, ದೇಹ ಕುಸಿದ ಮೇಲೆ, ಪೆರೋಲ್ ದೊರೆಯಿತು. 18ರಂದು ಪ್ರಧಾನಿ ಚುನಾವಣೆಯನ್ನು ಘೋಷಿಸಿದರು. 20ರಂದು ಸ್ನೇಹಲತಾ ತೀರಿಕೊಂಡರು.

ಕಳೆದ ವರ್ಷ ಇಷ್ಟನ್ನು ಹೇಳಿ ಮುಗಿಸಿದಾಗ ಒಬ್ಬ ವಿದ್ಯಾರ್ಥಿನಿ ಕೇಳಿದಳು: "ಸರ್, ಆರೋಪಪಟ್ಟಿಯಲ್ಲಿ ಹೆಸರೇ ಇರಲಿಲ್ಲ ಅಂದ ಮೇಲೆ, ತಪ್ಪಾಯಿತು ಅಂತ ಎಲ್ಲಾದರೂ ಬರೆದಿದ್ದಾರಾ?"

ಆ ಪ್ರಶ್ನೆ ನನ್ನನ್ನು ಶ್ರವಣಬೆಳಗೊಳದ 1368ರ ಶಾಸನದತ್ತ ಕರೆದೊಯ್ದಿತು. ಶಾಸನಗಳನ್ನು ಓದಿ ಹಳಬನಾದವನ ಚಾಳಿ ಎಂದು ಓದುಗರು ಮನ್ನಿಸಬೇಕು. ಬುಕ್ಕರಾಯನು ಜೈನರ ಕೈಯನ್ನು ಶ್ರೀವೈಷ್ಣವರ ಕೈಯಲ್ಲಿಟ್ಟು ಒಪ್ಪಂದ ಮಾಡಿಸಿದ ಪ್ರಸಂಗವೆಂದು ಅದನ್ನು ನಾವೆಲ್ಲ ಪಾಠ ಹೇಳುತ್ತೇವೆ; ಅರಸನ ಔದಾರ್ಯವನ್ನು ಕೊಂಡಾಡಿ ಮುಂದೆ ಸಾಗುತ್ತೇವೆ. ಶಾಸನ ಆರಂಭವಾಗುವುದು ಔದಾರ್ಯದಿಂದಲ್ಲ. ಆನೆಗೊಂದಿ, ಹೊಸಪಟ್ಟಣ, ಪೆನುಗೊಂಡೆ, ಕಲ್ಲೆಹಗಳ ಜನ ತಮಗಾಗುತ್ತಿದ್ದ ಅನ್ಯಾಯಗಳನ್ನು ಅರಸನಿಗೆ ಬಿನ್ನಹ ಮಾಡಿಕೊಂಡುದರಿಂದ. ಅನ್ಯಾಯವೆಂಬ ಪದವನ್ನೇ, ಯಾರಿಂದ ಆಯಿತೆಂಬುದನ್ನೂ ಸೇರಿಸಿ, ಕಲ್ಲಿನಲ್ಲಿ ಕಂಡರಿಸಲಾಗಿದೆ. ಕೊನೆಯಲ್ಲಿ ಬರುವ ಹೆಸರು ಕಲ್ಲೆಹದ ಬುಸುವಿಸೆಟ್ಟಿಯದು. ಬುಕ್ಕರಾಯನಿಗೆ ಬಿನ್ನಹ ಮಾಡಿ, ತಿರುಮಲೆಯ ತಾತಯ್ಯನನ್ನು ಬರಮಾಡಿಕೊಂಡು ಕಾರ್ಯ ನೆರವೇರಿಸಿದ ಆತನಿಗೆ ಎರಡು ಸಮಯದವರೂ ಕೂಡಿ ಸಂಘನಾಯಕ ಪಟ್ಟವನ್ನು ಕಟ್ಟಿದರು. ದೂರು ಕೊಟ್ಟವನನ್ನು, ದೂರಿಗೆ ಗುರಿಯಾದ ಪಕ್ಷವೂ ಜೊತೆಗೂಡಿ ಗೌರವಿಸಿತು! ಮಾನವ ಹಕ್ಕು ಎಂಬ ಪರಿಭಾಷೆಯನ್ನು ಹದಿನಾಲ್ಕನೆಯ ಶತಮಾನಕ್ಕೆ ಹೊರಿಸುವುದು ನನ್ನ ಉದ್ದೇಶವಲ್ಲ. ಅನ್ಯಾಯ, ಬಿನ್ನಹ, ಪಟ್ಟ ಈ ಮೂರೂ ಒಂದೇ ಕಲ್ಲಿನ ಮೇಲಿವೆ ಎಂಬುದಷ್ಟೇ ನನಗೆ ಮುಖ್ಯ.

ನಮ್ಮ ಕಾಲದಲ್ಲಿ ಇದಕ್ಕೆ ಹತ್ತಿರವಾದುದನ್ನು ಮಾಡಿದ್ದು ಸರ್ವೋಚ್ಚ ನ್ಯಾಯಾಲಯ. 1976ರ ಪೀಠದ ಐವರಲ್ಲಿ ಎಚ್. ಆರ್. ಖನ್ನಾ ಒಬ್ಬರೇ ಭಿನ್ನಮತದ ತೀರ್ಪು ಬರೆದರು. ಮರುವರ್ಷ ಅವರಿಗಿಂತ ಕಿರಿಯರಾದ ಎಂ. ಎಚ್. ಬೇಗ್ ಅವರನ್ನು ಮುಖ್ಯ ನ್ಯಾಯಮೂರ್ತಿಯನ್ನಾಗಿ ನೇಮಿಸಲಾಯಿತು, ಖನ್ನಾ ರಾಜೀನಾಮೆಯಿತ್ತರು. ಮುಂದೆ ನ್ಯಾಯಾಲಯದ ಗೋಡೆಯ ಮೇಲೆ ಅವರ ಭಾವಚಿತ್ರ ಬಂತು, 1999ರಲ್ಲಿ ಪದ್ಮವಿಭೂಷಣವೂ ಬಂತು. ಆದರೆ ನಿಜವಾದ ಗೌರವ ಸಂದದ್ದು 2017ರ ಆಗಸ್ಟ್ 24ರಂದು ಎಂದು ನಾನು ತಿಳಿಯುತ್ತೇನೆ. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರ ಅರ್ಜಿಯ ಮೇಲಿನ ತೀರ್ಪಿನಲ್ಲಿ ಆ ಹಳೆಯ ಬಹುಮತದ ತೀರ್ಪು ತಪ್ಪೆಂದು ಬರೆಯಲಾಯಿತು. ಅದನ್ನು ಬರೆದವರು ಡಿ. ವೈ. ಚಂದ್ರಚೂಡ್, 1976ರ ಬಹುಮತದಲ್ಲಿದ್ದವರಲ್ಲಿ ಒಬ್ಬರು ಅವರ ತಂದೆ. ಖನ್ನಾ ಅದನ್ನು ಕಾಣಲು ಉಳಿದಿರಲಿಲ್ಲ. ಭಾವಚಿತ್ರ ತೂಗುಹಾಕುವುದಕ್ಕೆ ಯಾರೂ ತಪ್ಪೊಪ್ಪಿಕೊಳ್ಳಬೇಕಾಗಿಲ್ಲ. ಹೀಗೆ ಬರೆಯುವುದಕ್ಕೆ ಬೇಕು.

ಸ್ನೇಹಲತಾ ಅವರ ವಿಷಯದಲ್ಲಿ ನಾವು ಮಾಡುತ್ತಿರುವುದು ಇದಕ್ಕೆ ವಿರುದ್ಧವಾದುದು. ಕಲಾವಿದೆಯೆಂದು ಹೊಗಳಿ, ಸೆರೆಮನೆಯನ್ನು ಬಿಟ್ಟುಬಿಡುತ್ತೇವೆ. ಇಲ್ಲವೇ ಜೂನ್ 25ರ ಸಭೆಗಳಲ್ಲಿ ಒಂದು ಪಕ್ಷದ ಮೇಲೆ ಎಸೆಯುವ ಕಲ್ಲಾಗಿ ಆಕೆಯ ಹೆಸರನ್ನು ಎತ್ತಿಕೊಳ್ಳುತ್ತೇವೆ. ಆಗ ವಿಚಾರಣೆಯಿಲ್ಲದ ಬಂಧನ ಇಂದೂ ತಪ್ಪೇ ಎಂಬ ಪ್ರಶ್ನೆ ಸಭೆಯ ಹೊರಗೆ ನಿಲ್ಲುತ್ತದೆ. ತುರ್ತುಪರಿಸ್ಥಿತಿಯ ಮಾತು ಸಾಹಿತ್ಯದ ತರಗತಿಗೇಕೆ, ಅದು ರಾಜಕೀಯವಲ್ಲವೇ ಎಂದು ಆಕ್ಷೇಪಿಸುವ ಸಹೋದ್ಯೋಗಿಗಳಿದ್ದಾರೆ. ಬೆಂಗಳೂರಿನ ಆ ಸೆರೆಮನೆಯಲ್ಲಿ ಸಮಾಜವಾದಿ ದಂಡವತೆಯವರೂ ಇದ್ದರು, ಜನಸಂಘದ ವಾಜಪೇಯಿ, ಅಡ್ವಾಣಿಯವರೂ ಇದ್ದರು. ಉಬ್ಬಸದಿಂದ ನರಳುವ ಬಂಧಿತೆಗೆ ಸಕಾಲದಲ್ಲಿ ಚಿಕಿತ್ಸೆ ದೊರೆಯಬೇಕೆಂಬುದು ಇವರಲ್ಲಿ ಯಾವ ಪಕ್ಷದ ಸಿದ್ಧಾಂತ?

ಆ ಕಾರಾಗೃಹ ಈಗ ಫ್ರೀಡಂ ಪಾರ್ಕ್ ಆಗಿದೆ. ಬೇಡಿಕೆಗಳನ್ನು ಹಿಡಿದು ಬಂದ ಜನ ಅದರ ಆವರಣದಲ್ಲಿ ಧರಣಿ ಕೂರುತ್ತಾರೆ. ಈ ವರ್ಷ 'ಸಂಸ್ಕಾರ'ದ ಪಾಠ ಮುಗಿದ ಮೇಲೆ ವಿದ್ಯಾರ್ಥಿಗಳಿಗೆ ಸ್ನೇಹಲತಾ ಅವರ ಸೆರೆಮನೆಯ ದಿನಚರಿಯನ್ನು ಓದಲು ಕೊಡಲಿದ್ದೇನೆ. ಚಂದ್ರಿಯ ಪಾತ್ರಧಾರಿಯ ಪರಿಚಯವನ್ನು ಹೊಸದಾಗಿ ಬರೆದು ತರುವುದು ಅವರ ನಿಯೋಜಿತ ಕಾರ್ಯ. ಬಂಧನದ ದಿನಾಂಕ, ಬಿಡುಗಡೆಯ ದಿನಾಂಕ ಮತ್ತು ಆರೋಪಪಟ್ಟಿಯಲ್ಲಿ ಹೆಸರಿರಲಿಲ್ಲವೆಂಬ ವಾಕ್ಯ ಇಲ್ಲದ ಪರಿಚಯಕ್ಕೆ ಅಂಕ ಕೊಡುವುದಿಲ್ಲವೆಂದು ಈಗಲೇ ತಿಳಿಸಿದ್ದೇನೆ.