ಪರೀಕ್ಷೆಗೊಂದು ಪಟ್ಟಿ, ಪಯಣಕ್ಕೊಂದು ಪಟ್ಟಿ

ಮೋಟಾರು ಕಾರುಗಳ ವಿಷಯವಾಗಿ ಈ ಪುಟದಲ್ಲಿ ನಾನು ಬರೆಯುವೆನೆಂದು ನಿಮ್ಮಲ್ಲಿ ಯಾರೂ ಎಣಿಸಿರಲಾರಿರಿ. ಮೂವತ್ತನಾಲ್ಕು ವರ್ಷ ವಿಜ್ಞಾನ ಕಲಿಸಿದವನಾದರೂ ನನ್ನ ಸ್ವಂತ ವಾಹನಗಳೆಂದರೆ ಮೊದಲು ಸೈಕಲ್ಲು, ಅನಂತರ ಸ್ಕೂಟರು, ಅಷ್ಟೇ. ಆದರೆ ಇಂಗ್ಲೆಂಡಿನಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ಎರಡು ತಿಂಗಳಿಂದ ಒಂದು ಕಾರಿನ ಸೀಟ್‌ಬೆಲ್ಟ್ ಕುರಿತು ನನ್ನೊಡನೆ ಪತ್ರಮುಖೇನ ವಾದ ನಡೆಸಿದ್ದಾನೆ. ಅವನ ಅನುಮತಿ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಹೆಸರು ಮಾತ್ರ ಬೇಡವೆಂದಿದ್ದಾನೆ. 1992ರ ತಂಡದವರು ತಾವಾಗಿಯೇ ಊಹಿಸಿಕೊಂಡರೆ ಅದಕ್ಕೆ ನಾನು ಹೊಣೆಯಲ್ಲ.

ಮೊದಲು ಆ ಕಾರಿನ ವೃತ್ತಾಂತವನ್ನು ಹೇಳಬೇಕು. ಇಂಗ್ಲೆಂಡಿನ ಸರ್ರೆ ಪ್ರಾಂತ್ಯದ ಥೇಮ್ಸ್ ಡಿಟನ್ ಎಂಬಲ್ಲಿ ಏಸಿ ಕಾರ್ಸ್ ಎಂಬ ಸಣ್ಣ ಕಂಪನಿಯೊಂದಿತ್ತು. ಅದು ತಯಾರಿಸುತ್ತಿದ್ದ ಹಗುರವಾದ ತೆರೆದ ಕಾರಿಗೆ ಅಮೆರಿಕದ ಕ್ಯಾರೊಲ್ ಶೆಲ್ಬಿ ಎಂಬ ಪಂದ್ಯಗಾರನು ಫೋರ್ಡ್ ಕಂಪನಿಯ ಎಂಟು ಸಿಲಿಂಡರಿನ ದೊಡ್ಡ ಎಂಜಿನನ್ನು 1962ರಲ್ಲಿ ಜೋಡಿಸಿದ. ಹಾಗೆ ಹುಟ್ಟಿದ್ದೇ ಕೋಬ್ರಾ. ಆ ದಶಕದಲ್ಲಿ ತಯಾರಾದ ಅಸಲು ಕೋಬ್ರಾಗಳು ಹೆಚ್ಚುಕಡಿಮೆ ಒಂದು ಸಾವಿರ. ಇಂದು ಅವುಗಳ ಬೆಲೆ ಕೋಟಿಗಳ ಲೆಕ್ಕದಲ್ಲಿದೆ. ಆದ್ದರಿಂದಲೇ ಅದೇ ಆಕಾರದ ಫೈಬರ್‌ಗ್ಲಾಸ್ ಮೈಯನ್ನು ಉಕ್ಕಿನ ಚೌಕಟ್ಟಿನ ಮೇಲೆ ಕೂರಿಸಿದ ಪ್ರತಿಕೃತಿಗಳು ಅನೇಕ ದೇಶಗಳಲ್ಲಿ ತಯಾರಾಗುತ್ತವೆ. ನಮ್ಮವನು ತರಿಸಿಕೊಂಡದ್ದು ದಕ್ಷಿಣ ಆಫ್ರಿಕಾದಿಂದ. ಅಲ್ಲಿಯೂ ಬ್ರಿಟನ್ನಿನಂತೆ ಚುಕ್ಕಾಣಿ ಬಲಗಡೆಗೇ ಇರುತ್ತದೆ. ಹೈಸ್ಕೂಲಿನಲ್ಲಿದ್ದಾಗ ನೋಟ್‌ಬುಕ್ಕಿನ ಹಿಂದಿನ ಹಾಳೆಗಳ ತುಂಬ ಕಾರುಗಳ ಚಿತ್ರ ಬರೆದು ನನ್ನಿಂದ ಬೈಸಿಕೊಂಡ ಹುಡುಗ ಐವತ್ತರ ಹೊಸ್ತಿಲಲ್ಲಿ ಆ ಚಿತ್ರಗಳಲ್ಲೊಂದನ್ನು ಕೊಂಡುಕೊಂಡನೆಂದರೆ ನನಗೆ ಸಂತೋಷವೇ ಹೊರತು ಬೇರೆ ಭಾವವಿಲ್ಲ.

ತೊಡಕು ಬಂದದ್ದು ನೋಂದಣಿಯಲ್ಲಿ. ದೊಡ್ಡ ಕಾರ್ಖಾನೆಗಳ ಕಾರುಗಳಿಗೆ ಒಂದು ಮಾದರಿಯ ಲೆಕ್ಕದಲ್ಲಿ ಅನುಮೋದನೆ ದೊರೆಯುತ್ತದೆ. ಇಂಥ ಬಿಡಿ ಕಾರುಗಳನ್ನು ಮಾತ್ರ ಒಂದೊಂದನ್ನಾಗಿ ಪರೀಕ್ಷಿಸುವ ಪದ್ಧತಿ ಬ್ರಿಟನ್ನಿನಲ್ಲಿದೆ. 2009ರಿಂದ ಇದನ್ನು ಇಂಡಿವಿಜುಯಲ್ ವೆಹಿಕಲ್ ಅಪ್ರೂವಲ್, ಸಂಕ್ಷೇಪವಾಗಿ ಐವಿಎ, ಎಂದು ಕರೆಯುತ್ತಾರೆ. ದೀಪ, ಬ್ರೇಕು, ಹೊಗೆ, ಚೂಪಾದ ಅಂಚುಗಳು, ಎಲ್ಲವನ್ನೂ ನೋಡುತ್ತಾರೆ. ನಮ್ಮವನ ಕಾರು ಬಹುಪಾಲು ತೇರ್ಗಡೆಯಾಗಿ ಸೀಟ್‌ಬೆಲ್ಟಿನಲ್ಲಿ ನಪಾಸಾಯಿತು. ಕಾರಿನೊಡನೆ ಬಂದಿದ್ದದ್ದು ಪಂದ್ಯದ ಕಾರುಗಳಲ್ಲಿರುವಂಥ, ಎರಡೂ ಹೆಗಲ ಮೇಲಿಂದ ಇಳಿಯುವ ಕೆಂಪು ಬಣ್ಣದ ನಾಲ್ಕು ಬಿಂದುಗಳ ಪಟ್ಟಿ. ಅದರ ಮೇಲೆ ಅನುಮೋದನೆಯ ಗುರುತಿರಲಿಲ್ಲ. ಹೆಗಲ ಪಟ್ಟಿಗಳನ್ನು ಬಿಗಿದಿದ್ದ ಜಾಗವೂ ಸರಿಯಿರಲಿಲ್ಲ.

ಅವನು ನನಗೆ ಬರೆದ ಯೋಜನೆ ಹೀಗಿತ್ತು: “ಸಾರ್, ಅವರು ಕೇಳುವ ಮೂರು ಬಿಂದುಗಳ ಪಟ್ಟಿಯನ್ನು ತಾತ್ಕಾಲಿಕವಾಗಿ ಹಾಕಿ ಪಾಸು ಮಾಡಿಸಿಕೊಳ್ಳುತ್ತೇನೆ. ಆಮೇಲೆ ಕೆಂಪು ಪಟ್ಟಿಯನ್ನೇ ಮತ್ತೆ ಹಾಕುತ್ತೇನೆ. ಇಲ್ಲಿ ಬಹಳ ಜನ ಹಾಗೆಯೇ ಮಾಡುತ್ತಾರೆ. ಅದು ಇದಕ್ಕಿಂತ ಗಟ್ಟಿ, ಇಲ್ಲದಿರುವುದು ಒಂದು ಚೀಟಿ ಮಾತ್ರ.”

ನನ್ನ ಆಕ್ಷೇಪ ಇರುವುದು ಇಲ್ಲಿಯೇ. ಅವನ ಮಾತಿನಲ್ಲಿ ನಿಜವಿಲ್ಲವೆಂದಲ್ಲ. ಅಗಲವಾದ ನಾಲ್ಕು ಪಟ್ಟಿಗಳು ಮೈಯನ್ನು ಮೂರಕ್ಕಿಂತ ಬಿಗಿಯಾಗಿ ಹಿಡಿಯುವುದುಂಟು. ಅನುಮೋದನೆ ಪಡೆದ ನಾಲ್ಕು ಬಿಂದುಗಳ ಪಟ್ಟಿಗಳೂ ಮಾರುಕಟ್ಟೆಯಲ್ಲಿವೆ. ಆದರೆ ಪಟ್ಟಿ ಗಟ್ಟಿಯೆಂದ ಮಾತ್ರಕ್ಕೆ ಅದನ್ನು ಕಟ್ಟಿದ ಗೂಟವೂ ಗಟ್ಟಿಯೆಂದಾಗುವುದಿಲ್ಲ. ಕೊಬ್ಬರಿ ಮೂಟೆ ಹೊತ್ತ ಗಾಡಿಗಳ ನಡುವೆ ಬೆಳೆದವನಿಗೆ ನಾನು ಹೇಳಬೇಕೆ? ಹಗ್ಗ ಕಿತ್ತು ಮೂಟೆ ಉರುಳಿದ್ದನ್ನು ನಾನು ಕಂಡದ್ದು ಕಡಿಮೆ. ಹಗ್ಗ ಬಿಗಿದ ಗೂಟ ಮುರಿದು ಉರುಳಿದ್ದನ್ನೇ ಹೆಚ್ಚು ಕಂಡಿದ್ದೇನೆ.

ಎಂಟನೆಯ ತರಗತಿಯ ಚಲನ ಸಮೀಕರಣಗಳನ್ನು ನೆನಪಿಸಿಕೊಳ್ಳಿ. ಗಂಟೆಗೆ 50 ಕಿಲೋಮೀಟರ್ ಎಂದರೆ ಸೆಕೆಂಡಿಗೆ ಸುಮಾರು 13.9 ಮೀಟರ್. ಆ ವೇಗದಲ್ಲಿ ಹೋಗುತ್ತಿರುವ ದೇಹವೊಂದು ಅರ್ಧ ಮೀಟರ್ ದೂರದೊಳಗೆ ನಿಲ್ಲಬೇಕಾಯಿತೆನ್ನೋಣ. ವೇಗದ ವರ್ಗವನ್ನು ದೂರದ ಎರಡರಷ್ಟರಿಂದ ಭಾಗಿಸಿದರೆ ಸೆಕೆಂಡಿನ ವರ್ಗಕ್ಕೆ 193 ಮೀಟರ್, ಅಂದರೆ ಗುರುತ್ವದ ಇಪ್ಪತ್ತರಷ್ಟು. 75 ಕಿಲೋ ತೂಕದ ಮನುಷ್ಯನ ಮೇಲೆ ಆ ಕ್ಷಣದಲ್ಲಿ ಬೀಳುವ ಬಲ ಸುಮಾರು 14,500 ನ್ಯೂಟನ್, ಹೆಚ್ಚುಕಡಿಮೆ ಒಂದೂವರೆ ಟನ್ ಭಾರ. ಇದು ಹೆದ್ದಾರಿಯ ವೇಗವಲ್ಲ, ಪೇಟೆಯೊಳಗಿನ ವೇಗ. ತೊಡೆಯ ಮೇಲೆ ಕೂರಿಸಿಕೊಂಡ ಹತ್ತು ಕಿಲೋ ತೂಕದ ಕೂಸು ಆ ಕ್ಷಣಕ್ಕೆ ಇನ್ನೂರು ಕಿಲೋ ಆಗುತ್ತದೆ. ಅದನ್ನು ಹಿಡಿದುಕೊಳ್ಳುವ ತಾಯಿಯ ತೋಳು ಯಾವ ಊರಿನಲ್ಲಿದೆ?

ಆ ಒಂದೂವರೆ ಟನ್ ಭಾರವನ್ನು ಹೊರಬೇಕಾದದ್ದು ಮೂರು ನಾಲ್ಕು ಬೋಲ್ಟುಗಳು. ಇವು ಸಾಮಾನ್ಯವಾಗಿ ಒಂದಿಂಚಿನ ಹದಿನಾರರಲ್ಲಿ ಏಳು ಪಾಲು ದಪ್ಪದವು, ಕಿರುಬೆರಳಿಗಿಂತ ತೆಳ್ಳಗಿನವು. ವಿಶ್ವಸಂಸ್ಥೆಯ ವಾಹನ ನಿಯಮಗಳಲ್ಲಿ 16ನೆಯದು ಪಟ್ಟಿಗೆ ಸಂಬಂಧಿಸಿದ್ದು, 14ನೆಯದು ಪಟ್ಟಿಯನ್ನು ಬಿಗಿಯುವ ಬಿಂದುಗಳಿಗೆ ಸಂಬಂಧಿಸಿದ್ದು. ಈ 14ನೆಯದರ ಪ್ರಕಾರ ಸಾಧಾರಣ ಕಾರಿನ ಎದೆಯ ಪಟ್ಟಿಯನ್ನೂ ಸೊಂಟದ ಪಟ್ಟಿಯನ್ನೂ ಏಕಕಾಲದಲ್ಲಿ ತಲಾ 13,500 ನ್ಯೂಟನ್ ಬಲದಿಂದ ಎಳೆದರೂ ಬಿಂದುಗಳು ಕಿತ್ತುಬರಬಾರದು. ನನ್ನ ಲೆಕ್ಕವನ್ನೂ ಈ ಅಂಕಿಯನ್ನೂ ಅಕ್ಕಪಕ್ಕ ಇಟ್ಟು ನೋಡಿ. ಕಚೇರಿಯಲ್ಲಿ ಕುಳಿತ ಯಾರೋ ಗುಮಾಸ್ತನು ಮನಸ್ಸಿಗೆ ಬಂದಂತೆ ಗೀಚಿದ ಸಂಖ್ಯೆ ಅದಲ್ಲ.

ನಮ್ಮವನು ಕಳಿಸಿದ ಛಾಯಾಚಿತ್ರದಲ್ಲಿ ಹೆಗಲ ಪಟ್ಟಿಗಳ ಬೋಲ್ಟು ಆಸನದ ಹಿಂದೆ ಕೆಳಗಡೆ ಫೈಬರ್‌ಗ್ಲಾಸ್ ಹಾಳೆಯನ್ನು ತೂರಿಹೋಗಿ, ಆಚೆ ಬದಿಯಲ್ಲಿ ಒಂದು ರೂಪಾಯಿ ನಾಣ್ಯದಷ್ಟಗಲದ ವಾಷರಿನ ಮೇಲೆ ನಿಂತಿತ್ತು. ಉಕ್ಕಿನ ಚೌಕಟ್ಟಿಗೂ ಅದಕ್ಕೂ ಸಂಬಂಧವೇ ಇಲ್ಲ! ಎಳೆತ ಬಿದ್ದಾಗ ವಾಷರು ಆ ಹಾಳೆಯನ್ನು ಹರಿದುಕೊಂಡು ಈಚೆಗೆ ಬರುತ್ತದೆ. ಬರದಿದ್ದರೆ ಇನ್ನೊಂದು ಕೇಡು. ಸಾಧಾರಣ ಕಾರಿನಲ್ಲಿ ಎರಡು ಬಾಗಿಲುಗಳ ನಡುವಣ ಕಂಬದ ಮೇಲೆ, ಹೆಗಲ ಮಟ್ಟಕ್ಕೆ, ಮೇಲಿನ ಬಿಂದು ಇರುತ್ತದೆ. ತೆರೆದ ಕಾರಿಗೆ ಆ ಕಂಬವೇ ಇಲ್ಲ. ಹೆಗಲ ಮೇಲಿಂದ ಹಾದ ಪಟ್ಟಿ ಬೆನ್ನ ಹಿಂದೆ ನೆಲದ ಕಡೆಗೆ ಇಳಿದುಹೋದರೆ, ಡಿಕ್ಕಿಯಾದಾಗ ಅದು ಮನುಷ್ಯನನ್ನು ಹಿಂದಕ್ಕೆ ಹಿಡಿಯುವುದರ ಜೊತೆಗೆ ಹೆಗಲನ್ನು ಕೆಳಕ್ಕೂ ಎಳೆಯುತ್ತದೆ. ಆ ಭಾರ ಬೀಳುವುದು ಬೆನ್ನುಮೂಳೆಯ ಮೇಲೆ. ಪಟ್ಟಿ ಹೆಚ್ಚು ಗಟ್ಟಿಯಾದಷ್ಟೂ ಬೆನ್ನಿಗೆ ಹೆಚ್ಚು ಅಪಾಯವೆಂಬ ವಿಚಿತ್ರ ಸ್ಥಿತಿ ಇದು.

ಇನ್ನು ಚೀಟಿಯ ವಿಷಯ. ವೃತ್ತದೊಳಗೆ ‘ಇ’ ಎಂಬ ಇಂಗ್ಲಿಷ್ ಅಕ್ಷರ, ಪಕ್ಕದಲ್ಲಿ ಅನುಮೋದಿಸಿದ ದೇಶದ ಸಂಖ್ಯೆ. 1 ಎಂದರೆ ಜರ್ಮನಿ, 4 ನೆದರ್‌ಲ್ಯಾಂಡ್ಸ್, 11 ಬ್ರಿಟನ್. ನೋಡಲು ಬೆರಳಗಲದ ಬಟ್ಟೆ. ಆದರೆ ಆ ನೇಯ್ಗೆ, ಆ ಕೊಂಡಿ, ಆ ಸುರುಳಿ ಇವುಗಳನ್ನು ಯಾರೋ ಎಲ್ಲಿಯೋ ಎಳೆದು, ತುಂಡರಿಸಿ, ಪರೀಕ್ಷಿಸಿದ್ದಾರೆಂಬುದಕ್ಕೆ ಕೊಳ್ಳುವವನ ಕೈಯಲ್ಲಿರುವ ಸಾಕ್ಷಿ ಅದೊಂದೇ. ನೋಡಿದರೆ ಎರಡು ಪಟ್ಟಿಗಳೂ ಒಂದೇ ಥರ ಕಾಣುತ್ತವೆ. ಕಣ್ಣಿಗೆ ಗೊತ್ತಾಗುವಂತಿದ್ದರೆ ಚೀಟಿಯ ಅಗತ್ಯವೇ ಬೀಳುತ್ತಿರಲಿಲ್ಲ. ಸುರುಳಿಯ ವಿಷಯದಲ್ಲಂತೂ ಇನ್ನೂ ಸೂಕ್ಷ್ಮ. ಅದರೊಳಗೆ ವಾಹನ ಥಟ್ಟನೆ ನಿಂತಾಗ ಜರುಗಿ ಹಲ್ಲನ್ನು ಹಿಡಿಯುವ ಪುಟ್ಟ ತೂಕವೊಂದಿರುತ್ತದೆ. ತಯಾರಕರು ಹೇಳಿದ ಕೋನದಲ್ಲಿ ಕೂರಿಸದಿದ್ದರೆ ಒಂದೋ ಪಟ್ಟಿ ಸದಾ ಬಿಗಿದೇ ಇರುತ್ತದೆ, ಇಲ್ಲವೇ ಬಿಗಿಯಬೇಕಾದ ಗಳಿಗೆಯಲ್ಲಿ ಬಿಗಿಯದು. ‘ತಾತ್ಕಾಲಿಕವಾಗಿ’ ಹಾಕುವವರು ಕೋನ ಅಳೆಯುತ್ತಾರೆಯೇ?

ನಮ್ಮ ಶಾಲೆಗೆ ತನಿಖೆಗೆಂದು ಇಲಾಖೆಯ ಅಧಿಕಾರಿಗಳು ಬರುತ್ತಿದ್ದ ದಿನಗಳು ನಿಮಗೆ ನೆನಪಿರಬೇಕು. ಹಿಂದಿನ ಸಂಜೆ ಅಂಗಳಕ್ಕೆ ನೀರು ಚಿಮುಕಿಸಿ, ಬೀರುವಿನಲ್ಲಿ ವರ್ಷವಿಡೀ ಬೀಗದೊಳಗಿದ್ದ ಪ್ರಯೋಗಾಲಯದ ಗಾಜಿನ ಸಾಮಾನುಗಳನ್ನು ಹೊರತೆಗೆದು ಮೇಜಿನ ಮೇಲೆ ಜೋಡಿಸುವುದು. ಅಧಿಕಾರಿಯ ಜೀಪು ತಿರುವು ದಾಟಿತೋ ಇಲ್ಲವೋ, ಎಲ್ಲವೂ ಬೀರುವಿಗೆ ವಾಪಸು. ಮುಖ್ಯೋಪಾಧ್ಯಾಯರೊಬ್ಬರೊಡನೆ ನಾನು ಈ ಬಗ್ಗೆ ಜಗಳವಾಡಿದ್ದುಂಟು. ಸಾಮಾನು ತಂದದ್ದು ಅಧಿಕಾರಿಗಾಗಿಯೋ ಮಕ್ಕಳಿಗಾಗಿಯೋ ಎಂಬ ನನ್ನ ಪ್ರಶ್ನೆಗೆ ಅವರು ಉತ್ತರಿಸಲಿಲ್ಲ. ಪರೀಕ್ಷೆಯ ದಿನಕ್ಕೊಂದು ಪಟ್ಟಿ, ಪಯಣಕ್ಕೆ ಇನ್ನೊಂದು ಎನ್ನುವ ಯೋಜನೆ ನನಗೆ ಆ ಬೀರುವನ್ನೇ ನೆನಪಿಗೆ ತಂದಿತು. ಹಾಗೆ ಬದಲಿಸಿದ್ದು ತಿಳಿದರೆ ವಿಮೆಯವರು ತಕರಾರು ತೆಗೆಯಬಹುದೆಂಬುದು ಬೇರೆ ಮಾತು. ಅದನ್ನು ಇಲ್ಲಿ ಬೆಳೆಸುವುದಿಲ್ಲ.

ಅವನು ಸುಮ್ಮನಾಗುವವನಲ್ಲ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಭೂಗೋಳ ಪ್ರಾಧ್ಯಾಪಕರಾಗಿದ್ದ ಜಾನ್ ಆಡಮ್ಸ್ ಅವರ ವಾದವನ್ನು ಮುಂದಿಟ್ಟ. ಪಟ್ಟಿ ಕಟ್ಟಿಕೊಂಡವನಿಗೆ ಧೈರ್ಯ ಹೆಚ್ಚಿ, ಅವನು ಅಜಾಗರೂಕನಾಗಿ ಓಡಿಸುತ್ತಾನೆ, ಅದರ ಫಲವನ್ನು ಪಾದಚಾರಿಗಳೂ ಸೈಕಲ್ಲಿನವರೂ ಉಣ್ಣುತ್ತಾರೆ ಎಂಬುದು ಆಡಮ್ಸ್ ಅವರ ನಿಲುವು. ಬ್ರಿಟನ್ನಿನಲ್ಲಿ ಮುಂದಿನ ಆಸನದವರಿಗೆ ಪಟ್ಟಿ ಕಡ್ಡಾಯವಾದದ್ದು 1983ರ ಜನವರಿ 31ರಂದು, ಅದೂ ಮೊದಲಿಗೆ ಮೂರು ವರ್ಷದ ಪ್ರಯೋಗವಾಗಿ. 1986ರಲ್ಲಿ ಅಲ್ಲಿನ ಸಂಸತ್ತು ಅದನ್ನು ಕಾಯಂಗೊಳಿಸಿತು. ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯ 1970ರಲ್ಲೇ ಆ ಕಾನೂನು ತಂದು ಜಗತ್ತಿಗೆ ಮೊದಲಿಗನಾಗಿತ್ತು. ಇಷ್ಟು ವರ್ಷ ಇಷ್ಟು ದೇಶಗಳು ಆ ಕಾನೂನನ್ನು ಉಳಿಸಿಕೊಂಡು ಬಂದಿರುವುದೇ ನನಗೆ ಬಲವಾದ ಉತ್ತರವಾಗಿ ತೋರುತ್ತದೆ. ಆಡಮ್ಸ್ ಅವರ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಓಡಿಸುವವನ ಮನಸ್ಸಿಗೆ ಅದು ಅನ್ವಯಿಸಬಹುದು. ಆದರೆ ಪಕ್ಕದಲ್ಲಿ ಕುಳಿತವರ ಕೈಯಲ್ಲಿ ಚುಕ್ಕಾಣಿಯೇ ಇಲ್ಲವಲ್ಲ!

ಪಕ್ಕದಲ್ಲಿ ಕುಳಿತುಕೊಳ್ಳುವವಳು ಅವನ ಒಂಬತ್ತು ವರ್ಷದ ಮಗಳು. ಭಾನುವಾರ ಬೆಳಿಗ್ಗೆ ಅವಳನ್ನು ಕೂರಿಸಿಕೊಂಡು ಸಮುದ್ರದವರೆಗೆ ಹೋಗಿಬರುವುದಕ್ಕೇ ಕಾರು ತರಿಸಿದ್ದೆಂದು ಮೊದಲ ಪತ್ರದಲ್ಲಿ ಅವನೇ ಬರೆದಿದ್ದ. ಬ್ರಿಟನ್ನಿನ ನಿಯಮದಂತೆ ಹನ್ನೆರಡು ವರ್ಷ ತುಂಬುವವರೆಗೆ, ಇಲ್ಲವೇ 135 ಸೆಂಟಿಮೀಟರ್ ಎತ್ತರ ಬೆಳೆಯುವವರೆಗೆ, ಯಾವುದು ಮೊದಲೋ ಅಲ್ಲಿಯವರೆಗೆ, ಮಗುವನ್ನು ಅದಕ್ಕೆ ತಕ್ಕ ಪೀಠದ ಮೇಲೆಯೇ ಕೂರಿಸಬೇಕು. ಆ ವಯಸ್ಸಿನ ಮಕ್ಕಳಿಗೆ ದೊರೆಯುವ ಎತ್ತರದ ಪೀಠಗಳನ್ನು ರೂಪಿಸಿರುವುದು ಮೂರು ಬಿಂದುಗಳ ಪಟ್ಟಿಗೆ. ಸೊಂಟದ ಪಟ್ಟಿ ಹೊಟ್ಟೆಯ ಮೇಲೇರದೆ ತೊಡೆಯ ಬುಡದಲ್ಲಿ ಕೂರಬೇಕು, ಎದೆಯ ಪಟ್ಟಿ ಕುತ್ತಿಗೆಗೆ ತಾಗದೆ ಹೆಗಲ ಮಧ್ಯದಲ್ಲಿ ಹಾಯಬೇಕು ಎಂಬುದೇ ಅವುಗಳ ಉದ್ದೇಶ. ಕೆಂಪು ಪಟ್ಟಿ ಈ ಲೆಕ್ಕದಲ್ಲಿ ಬರುವುದೇ ಇಲ್ಲ. ನನ್ನ ಉಳಿದೆಲ್ಲ ವಾದಗಳಿಗೆ ಮೂರು ಪುಟದ ಉತ್ತರ ಬರೆದವನು ಇದಕ್ಕೆ ಹದಿನೈದು ದಿನ ಉತ್ತರವನ್ನೇ ಬರೆಯಲಿಲ್ಲ.

ಮೂರು ಬಿಂದುಗಳ ಪಟ್ಟಿಯನ್ನು ಹಳೆಯ ಕಾಲದ್ದೆಂದು ಅವನು ಹಗುರವಾಗಿ ಕಂಡದ್ದೂ ನನಗೆ ಸರಿಯೆನಿಸಲಿಲ್ಲ. ಸ್ವೀಡನ್ನಿನ ನಿಲ್ಸ್ ಬೋಲಿನ್ ಮೊದಲು ಸಾಬ್ ಕಂಪನಿಯಲ್ಲಿ ವಿಮಾನಚಾಲಕರನ್ನು ಆಪತ್ತಿನಲ್ಲಿ ಹೊರಕ್ಕೆ ಚಿಮ್ಮಿಸುವ ಆಸನಗಳ ಮೇಲೆ ಕೆಲಸ ಮಾಡಿದವರು. ಅಲ್ಲಿಂದ ವೋಲ್ವೋ ಕಂಪನಿಗೆ ಬಂದ ಅವರು ರೂಪಿಸಿದ ಪಟ್ಟಿ 1959ರಲ್ಲಿ ಕಾರುಗಳಿಗೆ ಬಂತು. ಒಂದೇ ಕೈಯಲ್ಲಿ ಹಾಕಿಕೊಳ್ಳುವಂತಿರಬೇಕು, ಭಾರವನ್ನು ಎದೆಗೂಡಿನ ಮತ್ತು ಸೊಂಟದ ಮೂಳೆಗಳ ಮೇಲೆ ಹಂಚಬೇಕು, ಅಷ್ಟೇ ಅದರ ತತ್ತ್ವ. ಕಂಪನಿ ಆ ಪೇಟೆಂಟನ್ನು ಇತರ ತಯಾರಕರೂ ಬಳಸಿಕೊಳ್ಳಲೆಂದು ಬಿಟ್ಟುಕೊಟ್ಟಿತು. ವ್ಯಾಪಾರದ ಲೋಕದಲ್ಲಿ ಇಂಥದ್ದು ಅಪರೂಪ.

ಇದನ್ನು ಓದಿ ಬೆಂಗಳೂರು, ಮೈಸೂರುಗಳಲ್ಲಿರುವ ನನ್ನ ಬಂಧುಗಳು ತಮಗೆ ಸಂಬಂಧವಿಲ್ಲವೆಂದುಕೊಳ್ಳಬೇಡಿ. ಪಟ್ಟಿ ಹಾಕದಿದ್ದರೆ ಕೂಗುವ ಗಂಟೆಯ ಬಾಯಿ ಮುಚ್ಚಿಸಲು, ಪಟ್ಟಿಯ ಬದಲು ಕೊಂಡಿಯೊಳಕ್ಕೆ ಸಿಕ್ಕಿಸುವ ಲೋಹದ ಕ್ಲಿಪ್ಪುಗಳನ್ನು ನಮ್ಮ ದೇಶದಲ್ಲಿ ರಾಜಾರೋಷವಾಗಿ ಮಾರುತ್ತಿದ್ದರು. 2023ರಲ್ಲಿ ಕೇಂದ್ರದ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಐದು ಆನ್‌ಲೈನ್ ಮಾರಾಟ ಕಂಪನಿಗಳಿಗೆ ಅವನ್ನು ತೆಗೆದುಹಾಕುವಂತೆ ಆದೇಶಿಸಬೇಕಾಯಿತು. ಅದಕ್ಕೆ ಹಿಂದಿನ ವರ್ಷದ ಸೆಪ್ಟೆಂಬರ್ 4ರಂದು ಪಾಲ್ಘರ್ ಬಳಿ ಉದ್ಯಮಿ ಸೈರಸ್ ಮಿಸ್ತ್ರಿಯವರು ಅಪಘಾತದಲ್ಲಿ ತೀರಿಕೊಂಡಾಗ, ಹಿಂದಿನ ಆಸನದಲ್ಲಿದ್ದ ಅವರು ಪಟ್ಟಿ ಧರಿಸಿರಲಿಲ್ಲವೆಂದು ಪೊಲೀಸರು ತಿಳಿಸಿದ್ದರು. ಅಂಥ ಕ್ಲಿಪ್ಪೊಂದನ್ನು ನಮ್ಮ ಬಂಧುವರ್ಗದ ಕಾರಿನಲ್ಲಿಯೇ ಕಂಡಿದ್ದೇನೆ. ಯಾರದೆಂದು ಅವರಿಗೆ ಗೊತ್ತು.

ಆ ಪ್ರತಿಕೃತಿಯ ಕಾರು ಈಗ ಒಬ್ಬ ವೆಲ್ಡಿಂಗ್ ಕೆಲಸದವನ ಶೆಡ್ಡಿನಲ್ಲಿದೆ. ಆಸನಗಳ ಹಿಂದೆ ಉಕ್ಕಿನ ಕಮಾನೊಂದನ್ನು ಚೌಕಟ್ಟಿಗೇ ಬೆಸೆದು, ಅದರ ಮೇಲೆ ಹೆಗಲ ಮಟ್ಟಕ್ಕೆ ಮೇಲಿನ ಬಿಂದುವನ್ನು ಕೂರಿಸುತ್ತಾರಂತೆ. ಕೆಳಗಿನ ಬಿಂದುಗಳಿಗೆ ಅಂಗೈಯಗಲದ ದಪ್ಪ ತಗಡುಗಳು. ಆ ಕಮಾನಿನಿಂದ ಕಾರಿನ ಅಂದ ಕೆಡುತ್ತದೆಂದು ಅವನ ಕೊರಗು. ನನಗೇನೋ ಅದು ಚೆನ್ನಾಗಿಯೇ ಕಂಡಿತು. ಮಗಳ ಎತ್ತರ ಸದ್ಯಕ್ಕೆ 128 ಸೆಂಟಿಮೀಟರ್. ಪೀಠದ ಸಮೇತ ಅವಳನ್ನು ಕೂರಿಸಿ ಹೆಗಲೆಲ್ಲಿ ಬರುತ್ತದೆಂದು ಅಳೆದ ಮೇಲೆಯೇ ಎಡಗಡೆಯ ಬಿಂದುವಿಗೆ ತೂತು ಕೊರೆಯಬೇಕೆಂದು ಬರೆದಿದ್ದೇನೆ.